ಲಾಗ್ ಎಷ್ಟು ದಿನ ಇಟ್ಕೋಬೇಕು? 180 ದಿನದ ಲೆಕ್ಕ, ಅದರಾಚೆಯ ಲೆಕ್ಕ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದ್ಕೋತೀವಿ ಅನ್ನೋರಿಗಾಗಿ ಈ ವಾರದ ಮಾತು ಬರಹದಲ್ಲಿ. ಮಾತಾಡಿದ್ದನ್ನ ಹಾಗೇ ಇಳಿಸಿದರೆ ಓದೋಕೆ ಕಷ್ಟ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೀನಿ.

ಬ್ಯಾಕಪ್ ಬಗ್ಗೆ ಮಾತಾಡಿದ ಮೇಲೆ ಚೆನ್ನೈ, ಹೈದರಾಬಾದ್, ಪುಣೆ ಕಡೆ ಇರೋ ನಮ್ಮ ಹುಡುಗರು ಹೆಚ್ಚಾಗಿ ಕೇಳಿದ್ದು ಒಂದೇ ಪ್ರಶ್ನೆ: ಸರ್ವರ್ ಲಾಗ್‌ಗಳನ್ನ ಎಷ್ಟು ದಿನ ಇಟ್ಕೋಬೇಕು? ಚಿಕ್ಕ ಉತ್ತರ ಬೇಕಿದ್ದರೆ, ಭಾರತದಲ್ಲಿ ಕನಿಷ್ಠ 180 ದಿನ. ಅದು ಆಡಳಿತದ ಆದೇಶ, ನಿಮ್ಮ ಇಷ್ಟಕ್ಕೆ ಬಿಟ್ಟಿದ್ದಲ್ಲ. ಆದರೆ ಚಿಕ್ಕ ಉತ್ತರಕ್ಕೆ ನಿಂತರೆ ತೊಂದರೆ ಇದೆ, ಅದಕ್ಕೇ ಇಷ್ಟುದ್ದ ಹೇಳ್ತಿರೋದು.

ಮೊದಲು, ನೀವೇನೂ ಮಾಡದೇ ಇದ್ದರೆ ಏನಾಗುತ್ತೆ ನೋಡೋಣ. ಒಂದು ಉಬುಂಟು ಸರ್ವರ್ ಇನ್‌ಸ್ಟಾಲ್ ಮಾಡಿ ಹಾಗೇ ಬಿಟ್ಟರೆ, ಲಾಗ್‌ರೊಟೇಟ್ ವಾರಕ್ಕೊಮ್ಮೆ ಫೈಲ್ ತಿರುಗಿಸುತ್ತೆ, ನಾಲ್ಕು ಹಳೇ ಫೈಲ್ ಇಟ್ಕೊಳ್ಳುತ್ತೆ. ಅಂದ್ರೆ ಯಾರು ಲಾಗಿನ್ ಆದರು ಅನ್ನೋ ಮಾಹಿತಿಗೆ ಆಯಸ್ಸು ಹೆಚ್ಚುಕಮ್ಮಿ ಒಂದು ತಿಂಗಳು. ಆಡಿಟ್‌ಡಿ ಹಾಕಿದ್ದೀವಿ, ನಾವು ಸೇಫ್ ಅಂದ್ಕೊಂಡಿರೋರು ಅದರ ಡಿಫಾಲ್ಟ್ ನೋಡಿ: ಒಂದೊಂದು ಫೈಲ್ 8 ಎಂಬಿ, ಒಟ್ಟು ಐದು ಫೈಲ್. 40 ಎಂಬಿ ತುಂಬಿದ ಮೇಲೆ ಹಳೇದು ಹೋಯ್ತು. ಸ್ವಲ್ಪ ಬ್ಯುಸಿ ಇರೋ ಸರ್ವರ್‌ನಲ್ಲಿ 40 ಎಂಬಿ ಒಂದು ಮಧ್ಯಾಹ್ನಕ್ಕೂ ಸಾಲಲ್ಲ. ವಿಂಡೋಸ್‌ನಲ್ಲಿ ಸೆಕ್ಯುರಿಟಿ ಈವೆಂಟ್ ಲಾಗ್ ಡಿಫಾಲ್ಟ್ ಆಗಿ 20 ಎಂಬಿ, ತುಂಬಿದರೆ ತನ್ನ ಮೇಲೆ ತಾನೇ ಬರ್ಕೊಂಡು ಹೋಗುತ್ತೆ. ಕುಬರ್ನೆಟೀಸ್‌ನಲ್ಲಿ ಒಂದು ಕಂಟೇನರ್‌ಗೆ 10 ಎಂಬಿಯ ಐದು ಫೈಲ್, ಪಾಡ್ ಹೋದರೆ ಅದೂ ಹೋಯ್ತು. ಕ್ಲೌಡ್‌ನೋರು ಸ್ವಲ್ಪ ಉದಾರಿಗಳು: ಎಡಬ್ಲ್ಯೂಎಸ್ ಕ್ಲೌಡ್‌ಟ್ರೇಲ್‌ನ ಈವೆಂಟ್ ಹಿಸ್ಟರಿ 90 ದಿನ, ಅಜೂರ್ ಆಕ್ಟಿವಿಟಿ ಲಾಗ್ 90 ದಿನ, ಗೂಗಲ್ ಕ್ಲೌಡ್‌ನಲ್ಲಿ ಅಡ್ಮಿನ್ ಚಟುವಟಿಕೆ 400 ದಿನ ಇದ್ದರೂ ಮಿಕ್ಕ ಲಾಗ್‌ಗಳಿಗೆ ಡಿಫಾಲ್ಟ್ 30 ದಿನ.

ಈ ಅಂಕಿಗಳನ್ನ ಇಟ್ಟೋರ ತಲೆಯಲ್ಲಿ ಇದ್ದದ್ದು ಡಿಸ್ಕ್ ತುಂಬಬಾರದು, ಸರ್ವರ್ ಬೀಳಬಾರದು ಅನ್ನೋದಷ್ಟೇ. ಆರು ತಿಂಗಳಾದ ಮೇಲೆ ಯಾರೋ ಬಂದು "ಮಾರ್ಚ್ 3ನೇ ತಾರೀಖು ರಾತ್ರಿ ಈ ಅಕೌಂಟ್‌ನಿಂದ ಒಳಗೆ ಬಂದಿದ್ದು ಯಾರು?" ಅಂತ ಕೇಳ್ತಾರೆ ಅನ್ನೋ ಯೋಚನೆ ಅಲ್ಲಿಲ್ಲ. ಡೀಬಗ್ ಮಾಡೋ ಲಾಗ್‌ಗೆ ಒಂದು ವಾರ ಸಾಕು. ಆಡಿಟ್ ಮಾಡೋ ಲಾಗ್‌ಗೆ ಅದು ಏನೂ ಅಲ್ಲ.

ಇದು ಬರೀ ಕಾಗದದ ಮಾತಲ್ಲ ಅನ್ನೋಕೆ ನಮ್ಮ ಏರಿಯಾದ್ದೇ ಒಂದು ಹೇಳ್ತೀನಿ. ನಾನಿರೋದು ಮಾಧವರಂನಲ್ಲಿ. ರೌಂಡಾನಾ ದಾಟಿ ಜಿಎನ್‌ಟಿ ರೋಡ್ ಹಿಡಿದು ರೆಡ್ ಹಿಲ್ಸ್ ಕಡೆ ಹೊರಟರೆ ಎರಡೂ ಕಡೆ ಗೋಡೌನ್, ಲಾರಿ, ಕಂಟೇನರ್. ಹೊರಗಿಂದ ನೋಡೋಕೆ ತಗಡಿನ ಶೆಡ್, ಒಳಗೆ ಸ್ಕ್ಯಾನರ್, ಸರ್ವರ್, ಸ್ಟಾಕ್ ಸಾಫ್ಟ್‌ವೇರ್ ಎಲ್ಲಾ ಇರುತ್ತೆ. ಅಂಥ ಒಂದು ಕಡೆ, ಹೆಸರು ಬೇಡ, ದಾವಣಗೆರೆ ಕಡೆಯ ಹುಡುಗನೊಬ್ಬ ಸಿಸ್ಟಮ್ ಸಪೋರ್ಟ್‌ನಲ್ಲಿದ್ದ. ಕಾಂಟ್ರಾಕ್ಟ್ ಕೆಲಸ, ನೈಟ್ ಶಿಫ್ಟ್. ಮೂರು ತಿಂಗಳಿಗೊಮ್ಮೆ ಆಗೋ ಸ್ಟಾಕ್ ಎಣಿಕೆಯಲ್ಲಿ ಮಾಲು ಕಮ್ಮಿ ಬಂತು. ಸಾಫ್ಟ್‌ವೇರ್‌ನಲ್ಲಿ ನೋಡಿದರೆ ಕೆಲವು ಎಂಟ್ರಿಗಳನ್ನ ತಿದ್ದಿದ್ದಾರೆ, ತಿದ್ದಿದ್ದು ಇವನ ಯೂಸರ್ ಐಡಿಯಿಂದ. "ಅಣ್ಣಾ, ಆ ಪಾಸ್‌ವರ್ಡ್ ಶಿಫ್ಟ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾವ ಮೆಷಿನ್‌ನಿಂದ ಲಾಗಿನ್ ಆಗಿದ್ದಾರೆ ಅಂತ ನೋಡಿಸಿ ಸಾಕು" ಅಂತ ನನ್ನ ಹತ್ರ ಬಂದ. ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಆದರೆ ಐಪಿ ವಿಳಾಸ ಇರೋ ಲಾಗಿನ್ ಲಾಗ್ ಉಳಿದಿದ್ದು ಬರೀ ನಾಲ್ಕು ವಾರದ್ದು, ತಿದ್ದಿದ್ದು ಹತ್ತು ವಾರದ ಹಿಂದೆ. ಅವನು ಮಾಡಿದ ಅಂತ ಯಾರೂ ತೋರಿಸಲಿಲ್ಲ, ಮಾಡಿಲ್ಲ ಅಂತ ಅವನಿಗೂ ತೋರಿಸೋಕೆ ಆಗಲಿಲ್ಲ. ಕೊನೆಗೆ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ, ಎಕ್ಸ್‌ಪೀರಿಯನ್ಸ್ ಲೆಟರೂ ಕೊಡಲಿಲ್ಲ.

ಆಡಿಟ್ ಲಾಗ್ ಅಂದ್ರೆ ನೌಕರರ ಮೇಲೆ ಕಣ್ಣಿಡೋದು ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ನಾನು ಒಪ್ಪಲ್ಲ. ಭಾಷೆ ಬಾರದ ಊರಲ್ಲಿ ಕಾಂಟ್ರಾಕ್ಟ್ ಮೇಲಿರೋ ಹುಡುಗನ ಪರವಾಗಿ ಸಾಕ್ಷಿ ಹೇಳೋಕೆ ಲಾಗ್ ಬಿಟ್ಟರೆ ಬೇರೆ ಯಾರಿದ್ದಾರೆ?

ಈಗ ಆದೇಶದ ವಿಷಯ. ಸರ್ಟ್-ಇನ್ ಅಂತ ಕೇಂದ್ರ ಸರ್ಕಾರದ ಸಂಸ್ಥೆ ಇದೆ, ದೇಶದಲ್ಲಿ ಸೈಬರ್ ದಾಳಿಗಳ ವಿಚಾರ ನೋಡ್ಕೊಳ್ಳೋದು ಅದೇ. ಐಟಿ ಕಾಯ್ದೆಯ 70ಬಿ ಸೆಕ್ಷನ್ ಪ್ರಕಾರ ಅದು 2022ರ ಏಪ್ರಿಲ್ 28ರಂದು ಒಂದು ನಿರ್ದೇಶನ ಹೊರಡಿಸ್ತು. ಪತ್ರಿಕೆಗಳಲ್ಲಿ ಗಲಾಟೆ ಆಗಿದ್ದು ವಿಪಿಎನ್ ಕಂಪನಿಗಳು ಗ್ರಾಹಕರ ವಿವರ ಐದು ವರ್ಷ ಇಟ್ಕೋಬೇಕು ಅನ್ನೋ ಭಾಗದ ಬಗ್ಗೆ. ಕೆಲವು ವಿದೇಶಿ ವಿಪಿಎನ್‌ನೋರು ಇಲ್ಲಿನ ಸರ್ವರ್ ಎತ್ಕೊಂಡು ಹೋದರು. ಆ ಗಲಾಟೆಯಲ್ಲಿ ನಮಗೆ ನಿಮಗೆ ಸಂಬಂಧಪಟ್ಟ ಸಾಲು ಮುಚ್ಚಿಹೋಯ್ತು: ತಮ್ಮ ಎಲ್ಲಾ ಐಸಿಟಿ ವ್ಯವಸ್ಥೆಗಳ ಲಾಗ್ ಆನ್ ಮಾಡಬೇಕು, ಸದಾ ಹಿಂದಿನ 180 ದಿನದ್ದು ಭದ್ರವಾಗಿ ಇರಬೇಕು, ಭಾರತದ ವ್ಯಾಪ್ತಿಯೊಳಗೆ ಇರಬೇಕು. ದೊಡ್ಡವರಿಗೆ ಅದೇ ವರ್ಷ ಜೂನ್ ಕೊನೆಯಿಂದ ಜಾರಿ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಸೆಪ್ಟೆಂಬರ್ 25ರವರೆಗೆ ಸಮಯ ಕೊಟ್ಟಿದ್ದರು. ಅಂದ್ರೆ ಗೋಡೌನ್‌ನೋರಿಗೂ ಅನ್ವಯ. ಲಾಗ್ ಹೊರದೇಶದಲ್ಲಿ ಇಡಬಹುದಾ ಅಂತ ಗೊಂದಲ ಆದಾಗ, ಕೇಳಿದಾಗ ತಂದುಕೊಡೋ ಹೊಣೆ ಪಾಲಿಸೋದಾದರೆ ಹೊರಗೂ ಇಡಬಹುದು ಅಂತ ಮೇ ತಿಂಗಳ ವಿವರಣೆಯಲ್ಲಿ ಹೇಳಿದರು. ಜೊತೆಗೆ, ದಾಳಿ ಗೊತ್ತಾದ ಆರು ಗಂಟೆಯೊಳಗೆ ವರದಿ ಮಾಡಬೇಕು. ಲಾಗೇ ಇಲ್ಲದ ಜಾಗದಲ್ಲಿ ಆರು ಗಂಟೆಯೊಳಗೆ ಏನಂತ ವರದಿ ಬರೀತೀರಿ, ನೀವೇ ಹೇಳಿ.

ಸರಿ, 180 ದಿನ ಇಟ್ವಿ, ಆಯ್ತಲ್ಲ? ಕಾನೂನಿಗೆ ಆಯ್ತು. ಕಳ್ಳನಿಗೆ ಆ ಲೆಕ್ಕ ಗೊತ್ತಿಲ್ಲ.

ಮ್ಯಾಂಡಿಯಂಟ್ ಕಂಪನಿ ಪ್ರತಿ ವರ್ಷ ಒಂದು ಲೆಕ್ಕ ಕೊಡುತ್ತೆ: ಕಳ್ಳ ಒಳಗೆ ಬಂದ ದಿನದಿಂದ ಮನೆಯವರಿಗೆ ಗೊತ್ತಾಗೋ ದಿನದವರೆಗೆ ಎಷ್ಟು ದಿನ ಅಂತ. 2011ರಲ್ಲಿ ಅದರ ಮಧ್ಯಮ ಸಂಖ್ಯೆ 416 ದಿನ. 2023ಕ್ಕೆ 10 ದಿನಕ್ಕೆ ಇಳೀತು. ಇದನ್ನ ತೋರಿಸಿ "ಈಗ ಹತ್ತು ದಿನದಲ್ಲಿ ಗೊತ್ತಾಗುತ್ತಲ್ಲ, ವರ್ಷದ ಲಾಗ್ ಯಾಕೆ?" ಅಂತ ವಾದ ಮಾಡೋ ಮ್ಯಾನೇಜರ್‌ಗಳು ಇದ್ದಾರೆ. ಇಳಿಯೋಕೆ ಒಂದು ದೊಡ್ಡ ಕಾರಣ ರಾನ್ಸಮ್‌ವೇರ್. ಅವನು ದುಡ್ಡು ಕೇಳಬೇಕು, ಅದಕ್ಕೆ ತಾನೇ ಬಂದು ಬಾಗಿಲು ಬಡೀತಾನೆ. ಸದ್ದಿಲ್ಲದೆ ಕೂತು ಡೇಟಾ ಕದಿಯೋನು ಬಾಗಿಲು ಬಡಿಯಲ್ಲ, ಅವನ ಕಥೆ ಬೇರೆ. ಸ್ಟಾರ್‌ವುಡ್ ಹೋಟೆಲ್‌ಗಳ ಬುಕಿಂಗ್ ಡೇಟಾಬೇಸ್‌ಗೆ 2014ರಲ್ಲೇ ಯಾರೋ ನುಗ್ಗಿದ್ದರು. ಅಷ್ಟರಲ್ಲಿ ಮ್ಯಾರಿಯಟ್ ಆ ಕಂಪನಿಯನ್ನೇ ಕೊಂಡ್ಕೊಂಡಿತ್ತು, ಗೊತ್ತಾಗಿದ್ದು 2018ರ ಸೆಪ್ಟೆಂಬರ್‌ನಲ್ಲಿ. ಸೋಲಾರ್‌ವಿಂಡ್ಸ್ ವಿಷಯದಲ್ಲಿ, ಆ ಕಂಪನಿಯ ಜಾಲಕ್ಕೆ ನುಸುಳಿದ್ದು 2019ರಲ್ಲೇ; ವಿಷ ಬೆರೆತ ಅಪ್‌ಡೇಟ್ ಗ್ರಾಹಕರಿಗೆ ಹೋಗೋಕೆ ಶುರುವಾಗಿದ್ದು 2020ರ ಮಾರ್ಚ್; ಜಗತ್ತಿಗೆ ಗೊತ್ತಾಗಿದ್ದು ಡಿಸೆಂಬರ್. ಮಾರ್ಚ್‌ನಿಂದ ಡಿಸೆಂಬರ್‌ಗೆ ಒಂಬತ್ತು ತಿಂಗಳು. 180 ದಿನ ಇಟ್ಟೋರ ಹತ್ರ ಜೂನ್‌ನಿಂದ ಈಚೆಗೆ ಮಾತ್ರ ಇರುತ್ತೆ. ಮೊದಲ ದಿನ ಏನಾಯ್ತು, ಯಾವ ಬಾಗಿಲಿಂದ ಬಂದ ಅನ್ನೋದು ಗೊತ್ತಿಲ್ಲದೆ ಯಾವ ಬಾಗಿಲು ಮುಚ್ತೀರಿ?

ಇದರ ನಂತರವೇ ಅಮೆರಿಕ ಸರ್ಕಾರ 2021ರ ಆಗಸ್ಟ್‌ನಲ್ಲಿ ತನ್ನ ಇಲಾಖೆಗಳಿಗೆ ಒಂದು ಲೆಕ್ಕ ಹಾಕ್ಕೊಡ್ತು: ಹೆಚ್ಚಿನ ಲಾಗ್‌ಗಳಿಗೆ 12 ತಿಂಗಳು ಕೈಗೆ ಸಿಗೋ ಹಾಗೆ, ಆಮೇಲೆ 18 ತಿಂಗಳು ಕೋಲ್ಡ್ ಸ್ಟೋರೇಜ್‌ನಲ್ಲಿ. ಕಾರ್ಡ್ ಪೇಮೆಂಟ್ ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡಿದೋರಿಗೆ ಪಿಸಿಐ ಡಿಎಸ್‌ಎಸ್ ಗೊತ್ತಿರುತ್ತೆ, ಅದರಲ್ಲಿ 12 ತಿಂಗಳು, ಅದರಲ್ಲಿ ಈಚಿನ ಮೂರು ತಿಂಗಳು ತಕ್ಷಣ ನೋಡೋ ಹಾಗಿರಬೇಕು.

ದೊಡ್ಡ ಕಂಪನಿಗಳಿಗೂ ಇದು ಕೈಕೊಟ್ಟಿದೆ. 2023ರಲ್ಲಿ ಮೈಕ್ರೋಸಾಫ್ಟ್‌ನ ಒಂದು ಸಹಿ ಮಾಡೋ ಕೀಲಿ ಚೀನಾದ ಗುಂಪೊಂದರ ಕೈಗೆ ಸಿಕ್ಕಿ, ಅಮೆರಿಕದ ವಿದೇಶಾಂಗ ಇಲಾಖೆಯ ಇಮೇಲ್ ಓದಿದರು. ಕಳ್ಳತನ ಹಿಡಿದಿದ್ದು ಆ ಇಲಾಖೆಯವರೇ, ಹೆಚ್ಚು ದುಡ್ಡು ಕೊಟ್ಟು ಪಡೆದಿದ್ದ ಜಾಸ್ತಿ ವಿವರದ ಲಾಗ್ ನೋಡಿ. ಕಮ್ಮಿ ದರದ ಪ್ಲಾನ್‌ನಲ್ಲಿದ್ದೋರಿಗೆ ಆ ಲಾಗೇ ಇರಲಿಲ್ಲ. ಆಮೇಲೆ ಕೀಲಿ ಹೇಗೆ ಹೊರಗೆ ಹೋಯ್ತು ಅಂತ ಕೇಳಿದಾಗ, ನಮ್ಮ ಲಾಗ್ ಇಟ್ಕೊಳ್ಳೋ ಅವಧಿ ಮುಗಿದಿದ್ದರಿಂದ ನೇರ ಸಾಕ್ಷ್ಯ ಇಲ್ಲ ಅಂತ ಮೈಕ್ರೋಸಾಫ್ಟ್ ತಾನೇ ಬರ್ಕೊಳ್ತು. ಇದರ ಬೆನ್ನಿಗೇ ಸಾಮಾನ್ಯ ಗ್ರಾಹಕರ ಆಡಿಟ್ ಲಾಗ್ ಅವಧಿಯನ್ನ 90ರಿಂದ 180 ದಿನಕ್ಕೆ ಏರಿಸಿದರು, ಮೊದಲು ದುಡ್ಡಿಗೆ ಮಾತ್ರ ಸಿಗ್ತಿದ್ದ ಕೆಲವು ಲಾಗ್‌ಗಳನ್ನೂ ಕೊಟ್ಟರು. ಸೆಕ್ಯುರಿಟಿ ಲಾಗ್‌ಗೆ ಬೇರೆ ದರ ಇಡೋದು ಬೀಗ ಮಾರಿ ಕೀಲಿಗೆ ಬೇರೆ ಬಿಲ್ ಹಾಕಿದ ಹಾಗೆ ಅಂತ ನನ್ನ ಅಭಿಪ್ರಾಯ. ಇರಲಿ.

ಇನ್ನೊಂದು ಲೆಕ್ಕ ಕೋರ್ಟು ಮತ್ತು ಪೊಲೀಸರದ್ದು. ಅದಕ್ಕೆ ನಮ್ಮ ಕರ್ನಾಟಕದ್ದೇ ಉದಾಹರಣೆ ಇದೆ. 2019ರಲ್ಲಿ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್ ಹ್ಯಾಕ್ ಆಯ್ತು. ಟೆಂಡರ್ ಹಾಕೋರು ಕಟ್ಟೋ ಇಎಂಡಿ, ಅಂದ್ರೆ ಮುಂಗಡ ಠೇವಣಿ, ವಾಪಸ್ ಹೋಗಬೇಕಾದ ಕಡೆ ಹೋಗದೆ ಬೇರೆ ಖಾತೆಗಳಿಗೆ ಹೋಯ್ತು. ಸುಮಾರು 11.5 ಕೋಟಿ ರೂಪಾಯಿ. ಅದೇ ವರ್ಷ ಸಿಐಡಿಗೆ ದೂರು. ಮುಂದೆ 2020ರ ನವೆಂಬರ್‌ನಲ್ಲಿ ಬೆಂಗಳೂರು ಸಿಸಿಬಿ ಪೊಲೀಸರು ಡ್ರಗ್ಸ್ ಪ್ರಕರಣದಲ್ಲಿ ಒಬ್ಬನನ್ನ ಹಿಡಿದಾಗ ಈ ಎಳೆ ಅಲ್ಲಿಗೆ ಸೇರ್ಕೊಂಡಿತು, ರಾಜ್ಯವೆಲ್ಲಾ ಮಾತಾಡಿದ ಬಿಟ್‌ಕಾಯಿನ್ ಪ್ರಕರಣ ಅದೇ. 2023ರಲ್ಲಿ ಸರ್ಕಾರ ಬದಲಾದ ಮೇಲೆ ಹೊಸ ಎಸ್‌ಐಟಿ ಬಂತು. ಲೆಕ್ಕ ಹಾಕಿ: ಘಟನೆ ಆದ ನಾಲ್ಕು ವರ್ಷಕ್ಕೆ ಹೊಸ ತಂಡ ಕೂತು ಮತ್ತೆ ಮೊದಲಿಂದ ನೋಡುತ್ತೆ. ಅಷ್ಟೊತ್ತಿಗೆ 180 ದಿನದ ನಿಯಮ ಎಷ್ಟು ಸಲ ತಿರುಗಿ ಅಳಿಸಿಹಾಕಿರುತ್ತೆ.

ಅದಕ್ಕೇ ನಿಮ್ಮ ರಿಟೆನ್ಷನ್ ಪಾಲಿಸಿಯಲ್ಲಿ ಒಂದು ಸಾಲು ಇರಲೇಬೇಕು: ಏನಾದರೂ ಅನುಮಾನ ಬಂದ ಕ್ಷಣ, ಆ ವ್ಯವಸ್ಥೆಯ ಲಾಗ್ ಅಳಿಸೋದನ್ನ ನಿಲ್ಲಿಸೋದು. ವಕೀಲರು ಲೀಗಲ್ ಹೋಲ್ಡ್ ಅಂತಾರೆ. ಯಾರು ಹೇಳಿದರೆ ನಿಲ್ಲಿಸಬೇಕು, ಯಾವ ಬಟನ್ ಒತ್ತಬೇಕು ಅಂತ ಮುಂಚೆಯೇ ಗೊತ್ತಿರಬೇಕು. ಘಟನೆ ಆದ ರಾತ್ರಿ ಅದನ್ನ ಹುಡುಕ್ತಾ ಕೂರೋ ಹಾಗಿರಬಾರದು.

ಬಿಟ್‌ಕಾಯಿನ್ ಪ್ರಕರಣದಿಂದ ಇನ್ನೊಂದು ವಿಷಯ ಎತ್ಕೋಬೇಕು. 2024ರ ಜನವರಿಯಲ್ಲಿ ಇದೇ ಎಸ್‌ಐಟಿ, ಹಿಂದಿನ ತನಿಖೆಯ ವೇಳೆ ಡಿಜಿಟಲ್ ಸಾಕ್ಷ್ಯ ತಿದ್ದಿದ ಆರೋಪದ ಮೇಲೆ ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್ ಮತ್ತು ಒಬ್ಬ ಖಾಸಗಿ ಸೈಬರ್ ತಜ್ಞನನ್ನ ಬಂಧಿಸ್ತು. ಆರೋಪ ನಿಜವೋ ಸುಳ್ಳೋ ಕೋರ್ಟ್ ಹೇಳಲಿ. ನಮಗೆ ತಿಳಿಯಬೇಕಾದ್ದು, ಲಾಗ್ ಇದೆ ಅನ್ನೋದು ಅರ್ಧ ಕೆಲಸ. ಅದನ್ನ ಯಾರೂ ಮುಟ್ಟಿಲ್ಲ ಅಂತ ತೋರಿಸೋದು ಇನ್ನರ್ಧ. ಅದಕ್ಕೆ ಹ್ಯಾಶ್. ಪ್ರತಿ ದಿನದ ಲಾಗ್ ಫೈಲ್ ಮುಚ್ಚಿದ ತಕ್ಷಣ ಅದರ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ಬೇರೆ ಕಡೆ ಬರೆದಿಡಿ. ಒಂದಕ್ಷರ ತಿದ್ದಿದರೂ ಹ್ಯಾಶ್ ಹೊಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನಲ್ಲಿ, ಎಲೆಕ್ಟ್ರಾನಿಕ್ ದಾಖಲೆ ಜೊತೆ ಕೊಡೋ ಸರ್ಟಿಫಿಕೇಟ್‌ನ ನಮೂನೆಯಲ್ಲೇ ಹ್ಯಾಶ್ ಬರೆಯೋಕೆ ಜಾಗ ಇದೆ. ಹಳೇ 65ಬಿ ಜಾಗದಲ್ಲಿ ಬಂದಿರೋದು ಇದೇ.

ಎಲ್ಲಿಡಬೇಕು ಅನ್ನೋದು ಎಷ್ಟು ದಿನ ಅನ್ನೋದಕ್ಕಿಂತ ಮುಖ್ಯ ಅಂತಲೇ ಹೇಳ್ತೀನಿ. ತಮಿಳುನಾಡಿನದ್ದೇ ಕಥೆ: ಕುಂಭಕೋಣಂನಲ್ಲಿ ಮುಖ್ಯ ಕಚೇರಿ ಇರೋ ಸಿಟಿ ಯೂನಿಯನ್ ಬ್ಯಾಂಕ್, 2018ರ ಫೆಬ್ರವರಿ. ಕಳ್ಳರು ಸ್ವಿಫ್ಟ್ ವ್ಯವಸ್ಥೆ ಮೂಲಕ ದುಬೈ, ಟರ್ಕಿ, ಚೀನಾ ಕಡೆಗೆ ಮೂರು ಪಾವತಿ ಕಳಿಸಿದರು, ಒಟ್ಟು ಹತ್ತಿರ ಹತ್ತಿರ 20 ಲಕ್ಷ ಡಾಲರ್. ಅದಕ್ಕೂ ಮುಂಚೆ ಸ್ವಿಫ್ಟ್‌ಗೆ ಜೋಡಿಸಿದ್ದ ಪ್ರಿಂಟರ್ ಕೆಲಸ ಮಾಡದ ಹಾಗೆ ಮಾಡಿದ್ದರು. ಪಾವತಿ ಹೋಯ್ತು ಅನ್ನೋ ಕಾಗದ ಬರಲೇ ಇಲ್ಲ. ಮಾರನೇ ದಿನ ಬೆಳಗ್ಗೆ ಲೆಕ್ಕ ತಾಳೆ ನೋಡುವಾಗ ಸಿಕ್ಕಿಬಿತ್ತು. 2016ರಲ್ಲಿ ಬಾಂಗ್ಲಾದೇಶ ಬ್ಯಾಂಕ್‌ನಿಂದ 8.1 ಕೋಟಿ ಡಾಲರ್ ಹೋದಾಗಲೂ ಇದೇ ಕೈಚಳಕ: ಮಾಲ್‌ವೇರ್ ಸ್ವಿಫ್ಟ್ ಡೇಟಾಬೇಸ್‌ನಲ್ಲಿ ತನ್ನ ಗುರುತು ಅಳಿಸಿ, ಪ್ರಿಂಟರ್‌ಗೂ ಕೈ ಹಾಕಿತ್ತು. ಒಳಗೆ ಬಂದವನು ಮೊದಲು ಹುಡುಕೋದೇ ಲಾಗ್. ನಿಮ್ಮ ಲಾಗ್ ಅದೇ ಸರ್ವರ್‌ನಲ್ಲಿ ಐದು ವರ್ಷದ್ದು ಇದ್ದರೂ, ರೂಟ್ ಸಿಕ್ಕವನಿಗೆ ಅಳಿಸೋಕೆ ಒಂದು ನಿಮಿಷ.

ಹಾಗಾಗಿ ಲಾಗ್ ಹುಟ್ಟಿದ ತಕ್ಷಣ ಬೇರೆ ಮೆಷಿನ್‌ಗೆ ಹೋಗಬೇಕು. ಸಣ್ಣ ಕಡೆ ಆರ್‌ಸಿಸ್‌ಲಾಗ್ ಸಾಕು, ಟಿಎಲ್‌ಎಸ್ ಮೇಲೆ ಕಳಿಸಿ. ಆ ಮೆಷಿನ್‌ನ ಅಡ್ಮಿನ್ ಬೇರೆ ಆಗಿರಬೇಕು, ಪಾಸ್‌ವರ್ಡ್ ಬೇರೆ ಆಗಿರಬೇಕು. ಅಲ್ಲಿಂದ ದಿನಕ್ಕೊಮ್ಮೆ ಆಬ್ಜೆಕ್ಟ್ ಸ್ಟೋರೇಜ್‌ಗೆ, ಆಬ್ಜೆಕ್ಟ್ ಲಾಕ್ ಆನ್ ಮಾಡಿ. ಕಂಪ್ಲಯನ್ಸ್ ಮೋಡ್‌ನಲ್ಲಿ ಹಾಕಿದರೆ ಹೇಳಿದ ಅವಧಿ ಮುಗಿಯೋವರೆಗೆ ರೂಟ್ ಅಕೌಂಟ್‌ನಿಂದಲೂ ಅಳಿಸೋಕೆ ಆಗಲ್ಲ. ಎಚ್ಚರ, ನಿಮ್ಮಿಂದಲೂ ಆಗಲ್ಲ. ಮೊದಲು ಒಂದು ದಿನದ ಅವಧಿ ಹಾಕಿ ಪರೀಕ್ಷೆ ಮಾಡಿ.

"ದುಡ್ಡೆಷ್ಟಾಗುತ್ತೆ?" ಮ್ಯಾನೇಜರ್ ಕೇಳೋದು ಇದನ್ನೇ. ಬನ್ನಿ, ಹಾಕೋಣ. 50 ಸರ್ವರ್, ಒಂದೊಂದು ದಿನಕ್ಕೆ 1 ಜಿಬಿ ಲಾಗ್ ಅಂತ ಇಟ್ಕೊಳ್ಳಿ, ಇದು ಧಾರಾಳದ ಲೆಕ್ಕ. 180 ದಿನಕ್ಕೆ 9,000 ಜಿಬಿ. ಆದರೆ ಲಾಗ್‌ನಲ್ಲಿ ಒಂದೇ ಮಾತು ಸಾವಿರ ಸಲ ಇರುತ್ತೆ, ಚೆನ್ನಾಗಿ ಕುಗ್ಗುತ್ತೆ, ಹತ್ತರಲ್ಲಿ ಒಂದು ಅಂದ್ಕೊಂಡರೆ 900 ಜಿಬಿ. ಮುಂಬೈ ರೀಜನ್‌ನ ಸಾಮಾನ್ಯ ಆಬ್ಜೆಕ್ಟ್ ಸ್ಟೋರೇಜ್ ದರ ಜಿಬಿಗೆ ತಿಂಗಳಿಗೆ ಸುಮಾರು ಎರಡೂವರೆ ಸೆಂಟ್. ಅಲ್ಲಿಗೆ ತಿಂಗಳಿಗೆ ಇಪ್ಪತ್ತೆರಡು ಡಾಲರ್ ಚಿಲ್ಲರೆ, ಎರಡು ಸಾವಿರ ರೂಪಾಯಿ ಆಸುಪಾಸು. ಟೀಮ್ ಲಂಚ್‌ಗೆ ಇದಕ್ಕಿಂತ ಜಾಸ್ತಿ ಬಿಲ್ ಹಾಕ್ತೀವಿ. ಒಂದು ವರ್ಷಕ್ಕೆ ಇಟ್ಟರೆ ಇದರ ಎರಡರಷ್ಟು, ಹಳೇದನ್ನ ಕೋಲ್ಡ್ ಟಿಯರ್‌ಗೆ ತಳ್ಳಿದರೆ ಅಷ್ಟೂ ಇಲ್ಲ.

ಹಾಗಾದರೆ ಬಿಲ್ ಲಕ್ಷಗಟ್ಟಲೆ ಯಾಕೆ ಬರುತ್ತೆ? ಇಡೋದು ಅಗ್ಗ, ಹುಡುಕೋ ಹಾಗೆ ಇಡೋದು ದುಬಾರಿ. ಇಲಾಸ್ಟಿಕ್‌ಸರ್ಚ್, ಸ್ಪ್ಲಂಕ್ ಇವೆಲ್ಲ ಇಂಡೆಕ್ಸ್ ಮಾಡ್ತವೆ, ರೆಪ್ಲಿಕಾ ಇಡ್ತವೆ, ವೇಗದ ಡಿಸ್ಕ್ ಕೇಳ್ತವೆ. ಆರು ತಿಂಗಳನ್ನೂ ಅಲ್ಲೇ ಇಟ್ಟರೆ ಬಿಲ್ ನೋಡಿ ಮ್ಯಾನೇಜರ್ ಲಾಗೇ ಬೇಡ ಅಂತಾನೆ. ಈಚಿನ 30 ದಿನ ಇಂಡೆಕ್ಸ್‌ನಲ್ಲಿ, ಮಿಕ್ಕಿದ್ದು ಕುಗ್ಗಿಸಿ ಮೂಲೆಯಲ್ಲಿ. ನಮ್ಮ ಮನೆಗಳಲ್ಲಿ ತಿಂಗಳ ಅಕ್ಕಿ ಡಬ್ಬದಲ್ಲಿ, ವರ್ಷದ ಅಕ್ಕಿ ಚೀಲದಲ್ಲಿ ಅಟ್ಟದ ಮೇಲೆ ಇಡ್ತಿದ್ದ ಹಾಗೆ.

ಎಲ್ಲಾ ಲಾಗೂ ಒಂದೇ ಅಲ್ಲ. ಲಾಗಿನ್, ಲಾಗಿನ್ ವಿಫಲ, ಅಧಿಕಾರ ಬದಲಾವಣೆ, ಸುಡೋ, ಫೈರ್‌ವಾಲ್, ವಿಪಿಎನ್, ಡಿಎನ್‌ಎಸ್, ಡೇಟಾಬೇಸ್ ಅಡ್ಮಿನ್, ಕ್ಲೌಡ್ ಕನ್ಸೋಲ್ ಇಷ್ಟನ್ನ ಒಂದು ವರ್ಷ ಇಡಿ. ಇವು ಗಾತ್ರದಲ್ಲೂ ಚಿಕ್ಕವು, ಡಿಎನ್‌ಎಸ್ ಒಂದು ಬಿಟ್ಟು. ಆಪ್ ಡೀಬಗ್ ಲಾಗ್ 15 ದಿನಕ್ಕೆ ಬಿಸಾಕಿ, ಯಾರೂ ಅಳಲ್ಲ. ಅಕೌಂಟಿಂಗ್ ಸಾಫ್ಟ್‌ವೇರ್ ಮಾಡೋರಿಗೆ ಮಾತ್ರ ಬೇರೆ ನಿಯಮ: 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ಎಡಿಟ್ ಲಾಗ್ ಇರಬೇಕು, ಅದನ್ನ ಆಫ್ ಮಾಡೋಕೆ ಬರಬಾರದು, ಲೆಕ್ಕಪತ್ರದ ಜೊತೆ ಎಂಟು ವರ್ಷ ಉಳಿಯಬೇಕು.

ಗಡಿಯಾರದ ವಿಷಯ ಒಂದೇ ಮಾತಲ್ಲಿ ಮುಗಿಸ್ತೀನಿ ಅಂದ್ಕೊಂಡಿದ್ದೆ, ಆಗಲ್ಲ. ಫೈರ್‌ವಾಲ್ ಯುಟಿಸಿಯಲ್ಲಿ, ಸರ್ವರ್ ಐಎಸ್‌ಟಿಯಲ್ಲಿ, ಸಿಸಿಟಿವಿ ಏಳು ನಿಮಿಷ ಮುಂದೆ. ರಾತ್ರಿ 11.40ರ ಲಾಗಿನ್ ಯುಟಿಸಿಯಲ್ಲಿ ಸಂಜೆ 6.10. ಅಷ್ಟು ಸಾಕು, ನೈಟ್ ಶಿಫ್ಟ್‌ನೋನು ಮಾಡಿದ್ದು ಡೇ ಶಿಫ್ಟ್‌ನೋನ ತಲೆಗೆ ಬೀಳೋಕೆ. ಸರ್ಟ್-ಇನ್ ನಿರ್ದೇಶನದಲ್ಲೇ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಎನ್‌ಟಿಪಿ ಸರ್ವರ್‌ಗೆ, ಇಲ್ಲವೇ ಅವಕ್ಕೆ ಹೊಂದಿಕೊಂಡಿರೋ ಸರ್ವರ್‌ಗೆ ಗಡಿಯಾರ ಹೊಂದಿಸಿ ಅಂತಿದೆ. ಲಾಗ್‌ನಲ್ಲಿ ಟೈಮ್‌ಝೋನ್ ಸಮೇತ ಬರೀರಿ. ಸಿಸಿಟಿವಿ ಡಿವಿಆರ್ ಮರೀಬೇಡಿ, ಅದನ್ನ ಯಾರೂ ನೋಡಲ್ಲ.

ಇಷ್ಟೆಲ್ಲಾ ಇಡಿ ಇಡಿ ಅಂದಮೇಲೆ, ಏನು ಇಡಬಾರದು ಅಂತಲೂ ಹೇಳಬೇಕು. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೂ ಪಾಸ್‌ವರ್ಡ್ ಬದಲಾಯಿಸಿ ಅಂತ ಸೂಚಿಸ್ತು. ಕಾರಣ ಹ್ಯಾಕರ್ ಅಲ್ಲ: ಹ್ಯಾಶ್ ಆಗೋಕೆ ಮುಂಚೆಯೇ ಪಾಸ್‌ವರ್ಡ್‌ಗಳು ಅವರದೇ ಒಂದು ಒಳಗಿನ ಲಾಗ್‌ಗೆ ಬರ್ಕೊಂಡಿದ್ದವು. ಮರುವರ್ಷ ಫೇಸ್‌ಬುಕ್‌ನಲ್ಲೂ ಅದೇ ಥರದ್ದು ಹೊರಬಂತು. ಪಾಸ್‌ವರ್ಡ್, ಒಟಿಪಿ, ಆಧಾರ್ ನಂಬರ್, ಕಾರ್ಡ್ ನಂಬರ್ ಇರೋ ಲಾಗ್ ಅನ್ನ ಒಂದು ವರ್ಷ ಇಟ್ಟರೆ ಕಳ್ಳನಿಗೆ ಒಂದು ವರ್ಷದ ಊಟ ಬಡಿಸಿಟ್ಟ ಹಾಗೆ. ಲಾಗ್ ಬರೆಯೋ ಕೋಡ್‌ನಲ್ಲೇ ಮಾಸ್ಕ್ ಮಾಡಿ. ಆಮೇಲೆ ತೊಳಿತೀವಿ ಅಂದ್ರೆ ತೊಳೆದಿದ್ದನ್ನ ನಾನಂತೂ ಎಲ್ಲೂ ನೋಡಿಲ್ಲ. ಈಗ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ. ವೈಯಕ್ತಿಕ ಡೇಟಾವನ್ನ ಯಾರು ನೋಡಿದರು ಅನ್ನೋ ಲಾಗ್‌ಗಳನ್ನ ಅದು ಒಂದು ವರ್ಷ ಇಡೋಕೆ ಹೇಳುತ್ತೆ. ಈ ಭಾಗ ಜಾರಿಗೆ ಬರೋಕೆ 18 ತಿಂಗಳ ಅವಕಾಶ ಕೊಟ್ಟಿದ್ದಾರೆ. ಅಂದ್ರೆ 180 ದಿನಕ್ಕೆ ಅಂತ ಈಗ ಡಿಸೈನ್ ಮಾಡೋರು ಬೇಗನೇ ಮತ್ತೆ ಕೂರಬೇಕು. ಒಂದು ವರ್ಷಕ್ಕೇ ಮಾಡಿ ಅಂತ ನಾನು ಹೇಳ್ತಿರೋದು ಇದಕ್ಕೇ.

ಸೋಮವಾರ ಆಫೀಸ್‌ಗೆ ಹೋದಾಗ ಒಂದು ಕೆಲಸ ಮಾಡಿ. ಯಾರಿಗೂ ಹೇಳದೆ, ಐದು ತಿಂಗಳ ಹಿಂದಿನ ಒಂದು ದಿನ ಆರಿಸ್ಕೊಳ್ಳಿ. ಆ ದಿನ ನಿಮ್ಮ ಪ್ರೊಡಕ್ಷನ್ ಸರ್ವರ್‌ಗೆ ನೀವೇ ಯಾವಾಗ, ಯಾವ ಐಪಿಯಿಂದ ಲಾಗಿನ್ ಆಗಿದ್ರಿ ಅಂತ ಹುಡುಕಿ ನೋಡಿ. ಸಿಕ್ಕಿದರೆ ಎಷ್ಟು ಹೊತ್ತು ಹಿಡೀತು ಅಂತ ಬರೆದಿಡಿ. ಸಿಗದೇ ಇದ್ದರೆ ಮೊದಲು ಲಾಗ್‌ರೊಟೇಟ್ ಸಾಲು ತಿದ್ದಿ, ಆಮೇಲೆ ಟಿಕೆಟ್ ಹಾಕಿ. ಅಪ್ರೂವಲ್ ಬರೋ ಹೊತ್ತಿಗೆ ಇನ್ನೂ ನಾಲ್ಕು ವಾರದ್ದು ಅಳಿಸಿ ಹೋಗಿರುತ್ತೆ.

ಮುಂದಿನ ವಾರ ಆರ್‌ಸಿಸ್‌ಲಾಗ್ ಸೆಟಪ್ ಅನ್ನ ಸ್ಕ್ರೀನ್ ಮೇಲೆ ಮಾಡಿ ತೋರಿಸ್ತೀನಿ, ಒಂದು ಹಳೇ ಡೆಸ್ಕ್‌ಟಾಪ್ ಸಾಕು.